ಎರಡು ಡಬ್ಬಿಗಳ ನಾರಾಯಣಸ್ವಾಮಿ ಮೇಷ್ಟ್ರು

ವೇದಿಕೆ ಹತ್ತುವ ಮೊದಲು ನಾರಾಯಣಸ್ವಾಮಿ ಮೇಷ್ಟ್ರು ಚಪ್ಪಲಿ ಬಿಡುತ್ತಿದ್ದರು. ನೋಡಿದವರು ಅದನ್ನು ಭಕ್ತಿ ಎಂದುಕೊಳ್ಳುತ್ತಿದ್ದರು. ಕಲೆಯೆಂದರೆ ಇವರಿಗೆ ದೇವರ ಸಮಾನ ಎಂದು ಕಾರ್ಯಕ್ರಮದ ನಿರೂಪಕರು ಮೈಕಿನಲ್ಲಿ ಹೊಗಳಿದ್ದೂ ಉಂಟು. ಮೇಷ್ಟ್ರು ತಲೆ ತಗ್ಗಿಸಿ ನಗುತ್ತಿದ್ದರು. ನಿಜವಾದ ಕಾರಣ ಅವರ ಬಲಗಾಲಿನ ಹೆಬ್ಬೆರಳು. ಗಿಟಾರ್ ನುಡಿಸುವವನಿಗೆ ಎರಡೂ ಕೈ ಕೆಲಸದಲ್ಲಿರುತ್ತವೆ. ನೆಲದ ಮೇಲೆ ಕಾಲ ಬಳಿ ಇಟ್ಟುಕೊಂಡ ಎರಡು ಪುಟ್ಟ ಲೋಹದ ಡಬ್ಬಿಗಳನ್ನು, ಒಂದು ಹಸಿರು, ಇನ್ನೊಂದು ನೀಲಿ, ಅವರು ಆ ಹೆಬ್ಬೆರಳಿನಿಂದಲೇ ಒತ್ತುತ್ತಿದ್ದರು. ಒತ್ತುವುದೇನು, ಡಬ್ಬಿಯ ಮೇಲಿನ ನಾಬನ್ನು ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು, ಹಾಡು ನಡೆಯುತ್ತಿರುವಾಗಲೇ.

ಆ ಡಬ್ಬಿಗಳಿಗೆ ಓವರ್‌ಡ್ರೈವ್ ಪೆಡಲ್ ಎನ್ನುತ್ತಾರೆ. ಎಲೆಕ್ಟ್ರಿಕ್ ಗಿಟಾರಿನ ದನಿ ತಾನಾಗಿ ತೆಳ್ಳಗೆ, ಶುಭ್ರವಾಗಿ ಇರುತ್ತದೆ. ಅದನ್ನು ಇಂಥ ಡಬ್ಬಿಯ ಮೂಲಕ ಹಾಯಿಸಿದರೆ ಅಂಚು ಒರಟಾಗುತ್ತದೆ, ಮೈ ತುಂಬಿಕೊಳ್ಳುತ್ತದೆ. ಅತ್ತು ಮುಗಿಸಿದವರು ಮಾತಾಡಿದ ಹಾಗೆ ಒಂದು ಕರಕು ಬರುತ್ತದೆ. ಮೇಷ್ಟ್ರ ಭಾಷೆಯಲ್ಲಿ ಅದು ಒಗ್ಗರಣೆ.

“ಸಾಸಿವೆ ಚಟಪಟ ಅನ್ಬೇಕು ಕಣಮ್ಮ, ಸೀದೋಗ್ಬಾರ್ದು. ಇದ್ರ ವಿದ್ಯೆ ಅಷ್ಟೇ,” ಎನ್ನುತ್ತಿದ್ದರು.

ಅವರು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ಹುಟ್ಟೂರು ಮಂಡಿಕಲ್. ಅವರ ತಂದೆ ತಾಯಿ ಬೇರೆಯವರ ಹೊಲದಲ್ಲಿ ಕೆಲಸ ಮಾಡಿಯೇ ಮಗನನ್ನು ಓದಿಸಿದವರು. ಮನೆಯ ನಡುಮನೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಗಿಟಾರ್. ಓದುವ ವಯಸ್ಸಿನಲ್ಲಿ ಏಪ್ರಿಲ್ ತಿಂಗಳ ಜಯಂತಿಯ ವೇದಿಕೆಯಲ್ಲಿ ಹೋರಾಟದ ಹಾಡುಗಳಿಗೆ ತಮಟೆಯ ಜೊತೆ ಗಿಟಾರ್ ನುಡಿಸಿ ಶುರುಮಾಡಿದವರು. ನಾನು ಅವರನ್ನು ನೋಡುವ ಹೊತ್ತಿಗೆ ಬಾಬಣ್ಣನ ಆರ್ಕೆಸ್ಟ್ರಾದಲ್ಲಿ ಹಿರಿಯರಾಗಿದ್ದರು. ಬಾಬಣ್ಣ ಚಿಂತಾಮಣಿಯವನು, ಕೀಬೋರ್ಡ್ ನುಡಿಸುತ್ತಿದ್ದ, ಮನೆಯಲ್ಲಿ ತೆಲುಗು ಮಾತಾಡುವವನು, ಸಿಟ್ಟು ಬಂದರೆ ಹೊರಗೂ ತೆಲುಗೇ. ಮದುವೆ, ನಾಮಕರಣ, ಗಣೇಶನ ಹಬ್ಬ, ಯಾರು ಕರೆದರೂ ನಮ್ಮ ತಂಡ ಹೋಗುತ್ತಿತ್ತು. ನಾನು ಚಿಂತಾಮಣಿಯ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಟೆಕ್ನಿಷಿಯನ್, ರಜೆಯ ದಿನಗಳಲ್ಲಿ ಹಾಡುವವಳು.

ತಂಡಕ್ಕೆ ಸೇರಿದ ಮೊದಲ ದಿನ ನಾನು ಕಂಡ ದೃಶ್ಯ ಹೇಳುತ್ತೇನೆ. ಬೂಸಾ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಪ್ರಾಕ್ಟೀಸ್. ಒಳಗೆ ಕಾಲಿಟ್ಟರೆ, ಕನ್ನಡಕ ಹಾಕಿದ ಗಂಭೀರ ಮನುಷ್ಯರೊಬ್ಬರು ಒಂದು ಚೌಕನೆಯ ಬ್ಯಾಟರಿಯನ್ನು ನಾಲಿಗೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ನಾನು ಗಾಬರಿಯಾದೆ. ಅವರು ಕಣ್ಣು ತೆರೆದು, “ಇನ್ನೂ ಜೀವ ಐತೆ. ಚುರುಕ್ ಅಂತು,” ಎಂದು ಅದನ್ನು ಹಸಿರು ಡಬ್ಬಿಯೊಳಗೆ ಹಾಕಿದರು. ಐಟಿಐನಲ್ಲಿ ಮೀಟರ್ ಇಟ್ಟು ಪಾಠ ಮಾಡುವ ಮನುಷ್ಯ ಬ್ಯಾಟರಿಯನ್ನು ಮಾತ್ರ ನಾಲಿಗೆಯಲ್ಲೇ ಅಳೆಯುತ್ತಿದ್ದರು. ಮೀಟರಿಗಿಂತ ನಾಲಿಗೆ ಬೇಗ ಹೇಳುತ್ತದಂತೆ.

ಶಿಡ್ಲಘಟ್ಟದ ಛತ್ರವೊಂದರಲ್ಲಿ ನನ್ನ ಮೊದಲ ಕಾರ್ಯಕ್ರಮ. ಆರತಕ್ಷತೆ, ತುಂಬಿದ ಜನ. ಮೊದಲ ಹಾಡಿನ ಪಲ್ಲವಿಯಲ್ಲೇ ನನ್ನ ದನಿ ನನಗೇ ಕೇಳಿಸದಾಯಿತು. ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ, ಆದರೂ ದನಿ ಎಲ್ಲೋ ಹೂತುಹೋದಂತಿತ್ತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟರಲ್ಲಿ ಎಡಪಕ್ಕದಲ್ಲಿ ಮೇಷ್ಟ್ರ ಹೆಬ್ಬೆರಳು ಹಸಿರು ಡಬ್ಬಿಯ ಮೇಲಿಂದ ನೀಲಿ ಡಬ್ಬಿಯ ಮೇಲೆ ಹೋಯಿತು. ಅವರ ಸದ್ದು ಕಡಿಮೆಯಾಗಲಿಲ್ಲ, ಆದರೆ ನನ್ನ ದನಿ ಇದ್ದಕ್ಕಿದ್ದಂತೆ ಮುಂದೆ ಬಂದು ನಿಂತಿತು. ಛತ್ರದ ಕೊನೆಯ ಸಾಲಿನವರೂ ತಿರುಗಿ ನೋಡಿದರು. ಚರಣ ಮುಗಿದು ಗಿಟಾರಿನ ಸರದಿ ಬಂದಾಗ ಅವರು ಮತ್ತೆ ಹಸಿರನ್ನು ಒತ್ತಿದರು. ಆಗ ಅವರ ದನಿ ಎಲ್ಲರನ್ನೂ ಸೀಳಿಕೊಂಡು ಹೋಯಿತು.

ಮರುವಾರ ಕೇಳಿದೆ, ಅವತ್ತು ಏನು ಮಾಡಿದಿರಿ ಎಂದು.

“ಹಸಿರಿನೋನು ಮೂಗಲ್ಲಿ ಮಾತಾಡೋ ವಕೀಲ. ಎಷ್ಟೇ ಗಲಾಟೆ ಇರ್ಲಿ, ಅವ್ನು ಕೇಳಿಸ್ತಾನೆ,” ಎಂದರು. “ನೀಲಿಯೋನು ಎದೆಯಿಂದ ಮಾತಾಡ್ತಾನೆ, ಕೆಳಗೂ ಐತೆ ಮೇಲೂ ಐತೆ, ಮಧ್ಯ ಖಾಲಿ. ನಿನ್ನ ಗಂಟ್ಲು ಇರೋದು ಅದೇ ಮಧ್ಯದಲ್ಲಿ. ನೀನೂ ಹಸಿರಿನೋನೂ ಒಂದೇ ಬಾಗ್ಲಲ್ಲಿ ನುಗ್ಗಿದ್ರೆ ಇಬ್ರೂ ಸಿಕ್ಕಾಕ್ಕೊಂತೀರಿ. ಅದಕ್ಕೆ ನೀನು ಹಾಡುವಾಗ ಅವನನ್ನ ಹೊರಗೆ ನಿಲ್ಸಿದೆ.”

ನನ್ನ ಹಾಡನ್ನು ಅಷ್ಟು ದಿನ ಚೆನ್ನಾಗಿದೆ ಎಂದು ಹೊಗಳಿದವರಿದ್ದರು. ಅದು ಎಲ್ಲಿದೆ ಎಂದು ನೋಡಿದವರು ಅವರೊಬ್ಬರೇ.

ಅಂದಿನಿಂದ ನಾನು ಅವರ ಪರೀಕ್ಷೆಗಳಿಗೆ ಸಿಕ್ಕಿಬಿದ್ದೆ. ಪ್ರಾಕ್ಟೀಸಿಗೆ ಉಳಿದವರು ಬರುವ ಮೊದಲೇ ಬಂದು ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸುತ್ತಿದ್ದರು. ಒಂದೇ ಸ್ವರವನ್ನು ಒಮ್ಮೆ ಹಸಿರಿನಲ್ಲಿ, ಒಮ್ಮೆ ನೀಲಿಯಲ್ಲಿ, ಒಮ್ಮೆ ಎರಡನ್ನೂ ಸೇರಿಸಿ ನುಡಿಸುವರು. ಯಾವುದು ಹೇಗಿದೆ, ನಾನು ಹೇಳಬೇಕು. ನೋಡಿಕೊಂಡು ಹೇಳಿದರೆ ಬಣ್ಣವೇ ಕಿವಿಗೆ ಚಾಡಿ ಹೇಳುತ್ತದೆ ಎಂಬುದು ಅವರ ವಾದ. ಶುರುವಿನಲ್ಲಿ ನಾನು ಜೋರಾಗಿದ್ದದ್ದನ್ನೇ ಚೆನ್ನಾಗಿದೆ ಎನ್ನುತ್ತಿದ್ದೆ.

“ಜೋರಾಗಿರೋದೆಲ್ಲ ಚೆನ್ನಾಗೇ ಕೇಳ್ಸುತ್ತೆ. ಅದು ಕಿವಿಗೆ ಆಗೋ ಮೋಸ. ಮೊದ್ಲು ಎರಡನ್ನೂ ಒಂದೇ ಸಮ ಮಾಡ್ಕೊಬೇಕು, ಆಮೇಲೆ ಹೋಲಿಸ್ಬೇಕು,” ಎಂದು ನಾಬ್ ತಿರುಗಿಸಿ ಮತ್ತೆ ಮೊದಲಿನಿಂದ ಶುರುಮಾಡುವರು.

ಎರಡನ್ನೂ ಸೇರಿಸುವುದರಲ್ಲಿ ಅವರಿಗೆ ತೀರದ ಹಂಬಲ. ಗಿಟಾರಿನಿಂದ ಬರುವ ತಂತಿ ಮೊದಲು ಹಸಿರಿಗೆ ಹೋಗಿ ಆಮೇಲೆ ನೀಲಿಗೆ ಹೋದರೆ ಒಂದು ಬಗೆ, ಅದಲುಬದಲು ಮಾಡಿದರೆ ಬೇರೆಯೇ ಬಗೆ. “ಮೊದ್ಲನೆಯೋನು ತಳ್ತಾನೆ, ಕೊನೆಯೋನು ಮಾತಾಡ್ತಾನೆ,” ಎನ್ನುತ್ತಿದ್ದರು. ಹಸಿರನ್ನು ಮುಂದಿಟ್ಟು, ಅದರ ಒರಟುತನವನ್ನು ಪೂರ್ತಿ ತಗ್ಗಿಸಿ, ಬರೀ ತಳ್ಳುವ ಬಲ ಮಾತ್ರ ಉಳಿಸಿದಾಗ ನೀಲಿಯಿಂದ ಒಂದು ದನಿ ಬರುತ್ತಿತ್ತು. ನಾನು ಗೋಡೆಗೆ ಮುಖ ಮಾಡಿ ನಿಂತವಳು, “ಇದು ಯಾರೋ ಹೆಂಗಸು ಹಾಡ್ದಂಗಿದೆ ಮೇಷ್ಟ್ರೇ,” ಎಂದಿದ್ದೆ. ತಿರುಗಿ ನೋಡಿದರೆ ಅವರ ಕನ್ನಡಕ ಮಂಜಾಗಿತ್ತು. ನಾಬ್‌ಗಳು ಎಲ್ಲೆಲ್ಲಿ ನಿಂತಿವೆ ಎಂದು ಡಬ್ಬಿಗಳ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟರು. “ನಿನ್ನ ಕಿವಿ ನಂದಕ್ಕಿಂತ ಚೆನ್ನಾಗೈತೆ ಕಣಮ್ಮ. ನೀನು ಸರಿ ಅಂದ್ರೆ ಸರಿ,” ಎಂದರು.

ಆ ಮಾತೇ ನನಗೆ ಮುಂದೆ ಭಾರವಾಯಿತು.

ಏಳೆಂಟು ವರ್ಷ ಹೀಗೆ ಕಳೆದವು. ಯಾವಾಗ ಶುರುವಾಯಿತೋ ತಿಳಿಯದು. ಮೇಷ್ಟ್ರ ಹೆಂಡತಿ ಲಕ್ಷ್ಮಕ್ಕ ಒಮ್ಮೆ ನಗುತ್ತಾ, “ಕುಕ್ಕರ್ ಪಕ್ಕದಲ್ಲೇ ಕೂತ್ಕೊಂಡು ಎಷ್ಟು ಕೂಗು ಆಯ್ತು ಅಂದ್ರೆ, ಕೂಗ್ತಾ ಅಂತಾರೆ,” ಎಂದು ದೂರಿದ್ದರು. ಆಮೇಲೆ ಪ್ರಾಕ್ಟೀಸಿನಲ್ಲಿ ನಾನು ಗಮನಿಸಿದೆ, ಬಿಳಿ ಚುಕ್ಕೆಯಿಂದ ನಾಬ್ ಮುಂದೆ ಹೋಗಿತ್ತು. ಮೊನಚು ಹೆಚ್ಚಿಸುವ ನಾಬ್ ಅದು. ದನಿ ಸ್ವಲ್ಪ ಚುಚ್ಚುತ್ತಿತ್ತು. ಮುಂದಿನ ಸಲ ಇನ್ನೂ ಮುಂದೆ. ಸ್ಲೇಟಿನ ಮೇಲೆ ಮೊಳೆ ಎಳೆದ ಹಾಗೆ ಹಲ್ಲು ಜುಂ ಎನ್ನುವಷ್ಟು.

“ಈಗ ಹೆಂಗೈತೆ? ಮುಂಚೆ ಯಾಕೋ ಮಬ್ಬಾಗಿತ್ತು. ಈಗ ಬಿಚ್ಕೊಂಡೈತಲ್ವಾ?” ಎಂದು ಕೇಳಿದರು. ಮುಖದಲ್ಲಿ ಸಂತೋಷ ತುಂಬಿತ್ತು.

ನಾನು ಹೇಳಬೇಕಿತ್ತು. ಲ್ಯಾಬಿನಲ್ಲಿ ದಿನಾ ಅದೇ ನನ್ನ ಕೆಲಸ. ಬಂದದ್ದನ್ನು ಬಂದ ಹಾಗೆ ಬರೆದುಕೊಡುತ್ತೇನೆ, ಎದುರು ನಿಂತವರ ಮುಖ ನೋಡಿ ಅಂಕಿ ಬದಲಾಯಿಸುವುದಿಲ್ಲ. ಆದರೆ ಕುಕ್ಕರಿನ ಮಾತು ನೆನಪಾಯಿತು. ಎತ್ತರದ ಸದ್ದುಗಳು ಅವರಿಗೆ ಕೇಳಿಸುತ್ತಿಲ್ಲ ಎಂದು ಆ ಕ್ಷಣವೇ ಅರ್ಥವಾಯಿತು. ಅರ್ಥವಾದ ಮೇಲೆ ಬಾಯಿ ಬರಲಿಲ್ಲ.

“ಚೆನ್ನಾಗಿದೆ ಮೇಷ್ಟ್ರೇ,” ಎಂದೆ.

ಅವರು ಆ ಜಾಗಕ್ಕೆ ಹೊಸ ಚುಕ್ಕೆ ಇಟ್ಟರು. ಆಮೇಲಿನ ಮೂರು ತಿಂಗಳಲ್ಲಿ ಇನ್ನೂ ಎರಡು ಸಲ ಕೇಳಿದರು, ಎರಡು ಸಲವೂ ಅದನ್ನೇ ಹೇಳಿದೆ. ಡ್ರಮ್ ನುಡಿಸುವವನು ಗೊಣಗಿದ. ಬಾಬಣ್ಣ ನನ್ನ ಹತ್ತಿರ ಬಂದು, “ಅದೇಮಿ ಸೌಂಡಮ್ಮಾ ಅದಿ? ನೀನಾದ್ರೂ ಹೇಳ್ಬಾರ್ದಾ, ನಿನ್ನ ಮಾತು ಕೇಳ್ತಾರೆ,” ಎಂದ. ಹೇಳ್ತೀನಿ ಎಂದೆ. ಹೇಳಲಿಲ್ಲ.

ತೊಂಡೇಬಾವಿಯ ಹತ್ತಿರ ಒಂದು ನಿಶ್ಚಿತಾರ್ಥ. ಮನೆಯ ಮುಂದೆ ಶಾಮಿಯಾನ, ಮಧ್ಯಾಹ್ನದ ಊಟದ ಹೊತ್ತು. ಮೂರನೆಯ ಹಾಡಿಗೆ ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಒಂದು ಕೂಸು ಬೆಚ್ಚಿ ಅಳತೊಡಗಿತು. ಹುಡುಗಿಯ ತಂದೆ ಎಲೆಯ ಮುಂದಿಂದ ಎದ್ದು ಬಂದು ಬಾಬಣ್ಣನ ಕಿವಿಯಲ್ಲಿ ಏನೋ ಹೇಳಿದರು. ಬಾಬಣ್ಣ ಒಂದು ಕೈಯಲ್ಲಿ ಕೀಬೋರ್ಡ್ ನುಡಿಸುತ್ತಲೇ ಸೌಂಡ್‌ನವನಿಗೆ ಸನ್ನೆ ಮಾಡಿದ. ಆಮೇಲೆ ಹಿಂದಕ್ಕೆ ಬಾಗಿ ಮೇಷ್ಟ್ರ ಬೆನ್ನ ಹಿಂದಿದ್ದ ಸ್ಪೀಕರಿನ ನಾಬನ್ನು ಸೊನ್ನೆಗೆ ತಿರುಗಿಸಿಬಿಟ್ಟ.

ಗಿಟಾರ್ ನಿಂತುಹೋಯಿತು. ಮೇಷ್ಟ್ರು ಮಾತ್ರ ನಿಲ್ಲಲಿಲ್ಲ. ಡ್ರಮ್ಮಿನ ಅಬ್ಬರದಲ್ಲಿ ಅವರಿಗೆ ಗೊತ್ತಾಗಲೇ ಇಲ್ಲ. ಚರಣ ಮುಗಿದು ಅವರ ಸರದಿ ಬಂತು. ಹೆಬ್ಬೆರಳಿನಿಂದ ಹಸಿರನ್ನು ಒತ್ತಿ, ಒಂದು ಹೆಜ್ಜೆ ಮುಂದೆ ಬಂದು, ಕಣ್ಣು ಮುಚ್ಚಿ, ಪೂರ್ತಿ ಸೋಲೋ ನುಡಿಸಿದರು. ಬೆರಳುಗಳು ತಂತಿಯ ಮೇಲೆ ಓಡುತ್ತಿದ್ದವು, ಸದ್ದಿಲ್ಲ. ನಾನು ಮೈಕ್ ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದೆ. ಹಾಡು ಮುಗಿದಾಗ ಎಲ್ಲರೂ ಒಟ್ಟಿಗೆ ನಿಲ್ಲಿಸಿದೆವು. ಆಮೇಲೆ ಒಂದು ಕ್ಷಣ ಬಿಟ್ಟು ಕೊನೆಯದಾಗಿ ಒಂದೇ ಒಂದು ಸಲ ಎಲ್ಲ ತಂತಿಗಳನ್ನೂ ಮೀಟುವುದು ಅವರ ಪದ್ಧತಿ. ಮೀಟಿದರು. ಎಲೆಗೆ ಅನ್ನ ಬಡಿಸುವವರ ಮಾತು ಬಿಟ್ಟರೆ ಏನೂ ಕೇಳಲಿಲ್ಲ.

ಅವರು ಕಣ್ಣು ತೆರೆದರು. ಕೇಬಲ್ ನೋಡಿದರು, ಡಬ್ಬಿಗಳ ದೀಪ ನೋಡಿದರು, ತಿರುಗಿ ಸ್ಪೀಕರ್ ನೋಡಿದರು. ನಾಬ್ ಸೊನ್ನೆಯಲ್ಲಿತ್ತು. ಬಾಬಣ್ಣ ತಲೆ ತಗ್ಗಿಸಿದ. ಆಮೇಲೆ ಅವರು ನನ್ನನ್ನು ನೋಡಿದರು.

ಗಿಟಾರನ್ನು ಅಲ್ಲೇ ಒರಗಿಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ನಡೆದುಹೋದರು. ನಾನು ಮುಂದಿನ ಹಾಡನ್ನು ಬಿಟ್ಟು ಹಿಂದೆಯೇ ಓಡಿದೆ. ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ, ಬೇವಿನ ಮರದ ನೆರಳಿನ ಕಲ್ಲುಬೆಂಚಿನಲ್ಲಿ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ.

“ಎಷ್ಟು ದಿನದಿಂದ?” ಎಂದರು.

“ಮೂರು ತಿಂಗಳಿಂದ.”

“ನಾನು ಕೇಳ್ದಾಗೆಲ್ಲ ಚೆನ್ನಾಗಿದೆ ಅಂದೆ.”

“ನಿಮ್ಗೆ ಬೇಜಾರಾಗ್ತದೆ ಅಂತ...”

“ನಿನ್ನ ಲ್ಯಾಬಲ್ಲಿ ಯಾರಿಗಾದ್ರೂ ಸಕ್ಕರೆ ಮುನ್ನೂರು ಬಂದ್ರೆ, ಬೇಜಾರಾಗ್ತದೆ ಅಂತ ನೂರು ಅಂತ ಬರೀತೀಯಾ?”

ಅವರು ಬೈದಿದ್ದರೆ ಸುಲಭವಾಗುತ್ತಿತ್ತು. ಬೈಯಲಿಲ್ಲ. ಒಂದು ಗೂಡ್ಸ್ ರೈಲು ಕೂಗುತ್ತಾ ಬಂದು ನಮ್ಮ ಮುಂದೆಯೇ ಹಾದುಹೋಯಿತು. ಅದರ ಕೊನೆಯ ಡಬ್ಬಿ ಹೋದ ಮೇಲೆ ಅವರು ಮೆಲ್ಲಗೆ ಹೇಳಿದರು, “ಅದು ಬರೋದು ನಂಗೆ ಕಾಲಲ್ಲಿ ಗೊತ್ತಾಯ್ತು ಕಣಮ್ಮ. ಕಿವೀಲಲ್ಲ. ನಂಗೂ ಗೊತ್ತಿತ್ತು ಅನ್ಸುತ್ತೆ. ನೀನು ಚೆನ್ನಾಗಿದೆ ಅಂತಿದ್ಯಲ್ಲ, ಅದನ್ನ ಹಿಡ್ಕೊಂಡು ಇಲ್ಲ ಇಲ್ಲ ಅಂತಿದ್ದೆ.”

ಅದೇ ಅವರ ಕೊನೆಯ ವೇದಿಕೆ.

ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದರು. ಒಳಕಿವಿಯ ನರ ಸೋತಿದೆ, ಹೋದದ್ದು ಬರುವುದಿಲ್ಲ, ಇರುವುದೂ ನಿಲ್ಲುವುದಿಲ್ಲ ಎಂದರಂತೆ ಡಾಕ್ಟರು. ಮೂವತ್ತು ವರ್ಷ ಡ್ರಮ್ಮಿನ ಪಕ್ಕದಲ್ಲಿ ನಿಂತ ಕಿವಿ. ಶ್ರವಣಯಂತ್ರ ಹಾಕಿಕೊಂಡರೆ ಮಾತು ಒಂದಿಷ್ಟು ತಿಳಿಯುತ್ತಿತ್ತು, ಗಿಟಾರ್ ಮಾತ್ರ ತಗಡು ಬಡಿದ ಹಾಗೆ ಕೇಳುತ್ತಿತ್ತಂತೆ. ಒಂದು ವರ್ಷದಲ್ಲಿ ಅದೂ ಹೋಯಿತು. ಸ್ವಯಂನಿವೃತ್ತಿ ಪಡೆದು ಮಂಡಿಕಲ್ ಸೇರಿದರು. ಇದೆಲ್ಲ ನನಗೆ ಬಾಬಣ್ಣನಿಂದ ತಿಳಿಯುತ್ತಿತ್ತು. ನಾನು ಹೋಗಲಿಲ್ಲ. ಎರಡು ಸಲ ಚಿಕ್ಕಬಳ್ಳಾಪುರದವರೆಗೆ ಹೋಗಿ, ಮಂಡಿಕಲ್ ಬಸ್ಸು ಕಣ್ಣೆದುರು ನಿಂತಿದ್ದರೂ ಹತ್ತದೆ ಚಿಂತಾಮಣಿಗೆ ವಾಪಸಾದೆ.

ಒಂದು ದಿನ ಲ್ಯಾಬಿನಲ್ಲಿದ್ದಾಗ ಅವರ ಮೆಸೇಜು ಬಂತು. “ಒಂದು ಭಾನುವಾರ ಬಾ. ಕಿವಿ ಬೇಕಾಗಿದೆ.”

ಹೋದೆ. ನಡುಮನೆಯ ಮೇಜಿನ ತುಂಬ ಬಿಡಿಭಾಗಗಳು, ಸೋಲ್ಡರಿಂಗ್ ಕಡ್ಡಿ, ಹಸಿರು ಪರದೆಯ ಒಂದು ಹಳೆಯ ಯಂತ್ರ. ಸದ್ದನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಅದು. ಹಸಿರು ಮತ್ತು ನೀಲಿ ಎರಡೂ ಡಬ್ಬಿಗಳ ಗುಣವನ್ನು ಒಂದೇ ಡಬ್ಬಿಯಲ್ಲಿ ಕೂಡಿಸಿ ತಾವೇ ಕಟ್ಟಿದ್ದರು. ಪೂರ್ತಿ ಕಿವುಡಾದ ಮೇಲೆ ಕಟ್ಟಿದ್ದು.

“ನೋಡಿಲ್ಲಿ,” ಎಂದು ಪರದೆ ತೋರಿಸಿದರು. ತಮ್ಮ ದನಿ ತಮಗೇ ಕೇಳದೆ ಜೋರಾಗಿ ಮಾತಾಡುತ್ತಿದ್ದರು. “ಶುದ್ಧ ಸದ್ದು ಅಂದ್ರೆ ಗುಡ್ಡದಂಗೆ ದುಂಡಗೆ ಇರೋ ಅಲೆ. ಒಗ್ಗರಣೆ ಬಿದ್ರೆ ಅದ್ರ ತಲೆ ಸವೀತದೆ. ಇಲ್ಲಿ ಎಷ್ಟು ಮೆತ್ತಗೆ ಸವೆದೈತೆ ನೋಡು. ಲೆಕ್ಕ ಸರಿ ಐತೆ. ಕಣ್ಣಿಗೂ ಸರಿ ಐತೆ. ಚೆನ್ನಾಗೈತಾ ಇಲ್ವಾ ಅಂತ ಮಾತ್ರ ಈ ಮೆಷಿನ್ ಹೇಳಲ್ಲ.”

ನನಗೆ ಗಿಟಾರ್ ಬರುವುದಿಲ್ಲ. ಮೇಷ್ಟ್ರು ನುಡಿಸಲು ಒಪ್ಪಲಿಲ್ಲ. ನುಡಿಸುತ್ತಿದ್ದರೆ ನನ್ನ ಮುಖ ನೋಡಲಾಗುವುದಿಲ್ಲ ಎಂದರು. ಕೊನೆಗೆ ಲಕ್ಷ್ಮಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತರು. ಮೂವತ್ತು ವರ್ಷ ಆ ಗಿಟಾರನ್ನು ಒರೆಸಿ ಇಟ್ಟಿದ್ದೇ ಹೊರತು ಒಮ್ಮೆಯೂ ಮೀಟಿದವರಲ್ಲ. “ಯಾವ ತಂತಿ ಎಳೀಲಿ? ಕಿತ್ಗಿತ್ತೋದ್ರೆ ನನ್ನ ಬೈಬೇಡಿ,” ಎಂದು ಹೆಬ್ಬೆರಳಿನಿಂದ ದಪ್ಪ ತಂತಿಯೊಂದನ್ನು ಎಳೆದು ಬಿಟ್ಟರು.

ಬೂಸಾ ಅಂಗಡಿಯ ಮೇಲಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೇಳಿದ್ದ ಅದೇ ದನಿ. ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು. ಇದು ಇಲ್ಲಿಗೇ ಮುಗಿಯಲಿ ಎಂದು ನನಗೆ ಎಷ್ಟು ಆಸೆಯಾಯಿತೆಂದರೆ, ಸರಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ತಂತಿಯ ಸದ್ದು ಇಳಿಯುತ್ತಾ ಬಂದು, ಇನ್ನೇನು ಅಡಗಬೇಕು ಎನ್ನುವಾಗ, ಬಟ್ಟೆ ಹರಿದ ಹಾಗೆ ಪರಪರ ಎಂದು ಒಡೆದು ನಿಂತಿತು. ಇನ್ನೊಮ್ಮೆ ಮೀಟಿಸಿದೆ. ಮತ್ತೆ ಅದೇ.

ಮೇಜಿನ ಮೇಲಿದ್ದ ಹಾಳೆಯಲ್ಲಿ ಬರೆದೆ: “ಶುರು ಬಹಳ ಚೆನ್ನಾಗಿದೆ. ಸದ್ದು ಅಡಗುವಾಗ ಕೊನೆಯಲ್ಲಿ ಹರಿಯುತ್ತದೆ.”

ಅವರು ಓದಿದರು. ಮತ್ತೆ ಓದಿದರು. ಆಮೇಲೆ ನಕ್ಕರು. ತೊಂಡೇಬಾವಿಯ ನಂತರ ನಾನು ಕಂಡ ಮೊದಲ ನಗು.

“ಬಾಲ! ಬಾಲ ಹರೀತೈತೆ! ನಾನು ಒಂದೇ ಸಮ ಸದ್ದು ಕೊಟ್ಟು ನೋಡ್ತಿದ್ದೆ, ಅಡಗೋ ಸದ್ದು ಕೊಟ್ಟು ನೋಡ್ಲೇ ಇಲ್ಲ,” ಎಂದು ಡಬ್ಬಿ ಬಿಚ್ಚಲು ಕೂತರು. “ಲಕ್ಷ್ಮೀ, ಈ ಹುಡುಗಿಗೆ ಊಟಕ್ಕೆ ಹಾಕು. ಸುಳ್ಳು ಹೇಳ್ಲಿಲ್ಲ ಇವತ್ತು.”

ಅವತ್ತು ಬಸ್ಸಿನಲ್ಲಿ ಕೂತು ಅತ್ತೆ. ಹಗುರಾಗಿ ಅತ್ತೆ.

ಆಮೇಲೆ ನಾಲ್ಕು ಭಾನುವಾರ ಹೋದೆ. ಲಕ್ಷ್ಮಕ್ಕ ಮೀಟುವುದು, ನಾನು ಕೇಳುವುದು, ಹಾಳೆಯಲ್ಲಿ ಬರೆಯುವುದು, ಅವರು ಯಾವುದೋ ಬಿಡಿಭಾಗ ಕಿತ್ತು ಇನ್ನೊಂದನ್ನು ಕೂರಿಸುವುದು. ಬಾಲ ಪ್ರತಿ ಸಲ ಸ್ವಲ್ಪ ಉದ್ದವಾಗುತ್ತಿತ್ತು, ಆದರೂ ತುದಿಯಲ್ಲಿ ಹರಿಯುತ್ತಿತ್ತು. ಪ್ರತಿ ಸಲವೂ ಇದ್ದದ್ದನ್ನು ಇದ್ದ ಹಾಗೆ ಬರೆದೆ. ನಾಲ್ಕನೆಯ ಭಾನುವಾರ ಅವರ ಮುಖ ಸ್ವಲ್ಪ ಬಾಡಿತ್ತು. ಬಸ್ಸಿಗೆ ಬಿಡಲು ಬಂದಾಗ ಹೇಳಿದರು, “ನೀನು ಹೋದ್ಮೇಲೆ ಯೋಚ್ನೆ ಮಾಡ್ತೀನಿ ಕಣಮ್ಮ. ಎಲ್ಲೋ ಒಂದ್ಕಡೆ ಸಣ್ಣದು ಏನೋ ಬಿಟ್ಟಿದೀನಿ.”

ಐದನೆಯ ಭಾನುವಾರ ಲ್ಯಾಬಿನವರು ಅಂಬಾಜಿದುರ್ಗದ ಕಡೆಯ ಹಳ್ಳಿಯಲ್ಲಿ ಆರೋಗ್ಯ ಶಿಬಿರ ಇಟ್ಟಿದ್ದರು, ಹೋಗಲೇಬೇಕಾಯಿತು. ಅವತ್ತೇ ಅವರ ಮೆಸೇಜು: “ಬಾಲ ಸರಿ ಹೋಗಿದೆ ಅನ್ನಿಸುತ್ತೆ. ಪರದೆ ಮೇಲೆ ಕೊನೆವರೆಗೂ ಒಡೀತಿಲ್ಲ. ನೀನು ಕೇಳಿ ಹೇಳಬೇಕು.” ಮುಂದಿನ ಭಾನುವಾರ ಗ್ಯಾರಂಟಿ ಎಂದು ಬರೆದೆ. ಆ ಭಾನುವಾರ ಶಿಡ್ಲಘಟ್ಟದಲ್ಲಿ ಕಾರ್ಯಕ್ರಮ ಬಂತು. ಬಾಬಣ್ಣ ಬಿಡಲಿಲ್ಲ, ನಾನೂ ಗಟ್ಟಿಯಾಗಿ ಬರುವುದಿಲ್ಲ ಎನ್ನಲಿಲ್ಲ. ಇನ್ನೊಂದು ವಾರ ತಾನೇ ಎಂದುಕೊಂಡೆ. ಮೇಷ್ಟ್ರು, “ಪರವಾಗಿಲ್ಲ. ಡಬ್ಬಿ ಎಲ್ಲಿಗೂ ಓಡಿಹೋಗಲ್ಲ,” ಎಂದು ಬರೆದರು.

ಗುರುವಾರ ಬೆಳಿಗ್ಗೆ ಅವರ ನಂಬರಿನಿಂದಲೇ ಮೆಸೇಜು ಬಂತು. ಭಾನುವಾರದ ವಿಚಾರವೇ ಇರಬೇಕೆಂದು ನಗುತ್ತಾ ತೆರೆದೆ. “ಇವರು ಬೆಳಗ್ಗೆ ಹೋಗಿಬಿಟ್ಟರು. ಎದೆನೋವು ಅಂದರು, ಅಷ್ಟೇ. ಲಕ್ಷ್ಮಮ್ಮ.”

ಅಂತ್ಯಕ್ರಿಯೆಗೆ ತಂಡದವರೆಲ್ಲ ಹೋಗಿದ್ದೆವು. ಐಟಿಐನಲ್ಲಿ ಅವರ ಕೈಕೆಳಗೆ ಕಲಿತವರು ಬಹಳ ಜನ ಬಂದಿದ್ದರು. ಬುದ್ಧವಂದನೆ ಹೇಳಿದರು. ಬಾಬಣ್ಣ ಬೇಲಿಯ ಪಕ್ಕ ಒಬ್ಬನೇ ನಿಂತು ಅಳುತ್ತಿದ್ದ.

ಒಂದು ತಿಂಗಳ ಮೇಲೆ, ಒಂದು ಭಾನುವಾರ, ಹೋದೆ. ಮೇಜು ಇದ್ದ ಹಾಗೇ ಇತ್ತು. ಲಕ್ಷ್ಮಕ್ಕ ಕಾಫಿ ಕೊಟ್ಟು ಪಕ್ಕದಲ್ಲಿ ಕೂತರು.

“ಆ ಎರಡು ವಾರ ದಿನಾ ಕೇಳೋರು, ಸುಜಾತ ಬರ್ತಾಳಾ, ಸುಜಾತ ಬರ್ತಾಳಾ ಅಂತ. ನಾನು ಕೇಳಿ ಹೇಳ್ತೀನಿ ಅಂತ ಸನ್ನೆ ಮಾಡ್ದೆ. ನಿಂಗೇನು ಗೊತ್ತಾಗ್ತದೆ, ನಿಂಗೆ ನನ್ಮೇಲೆ ಪ್ರೀತಿ ಐತೆ, ಚೆನ್ನಾಗೈತೆ ಅಂದ್ಬಿಡ್ತೀಯ, ಅವಳು ಬಂದು ಹೇಳ್ಬೇಕು ಅಂದ್ರು.”

ನಾನು ಲೋಟವನ್ನು ಕೆಳಗಿಟ್ಟೆ. “ಅಕ್ಕ, ಅದನ್ನ ಒಂದ್ಸಲ ಹಾಕಣ್ವಾ?”

ಅವರು ಎದ್ದು ಗಿಟಾರ್ ತಂದರು. ಕೇಬಲ್ ಎಲ್ಲಿ ಸಿಕ್ಕಿಸಬೇಕೆಂದು ಈಗ ಇಬ್ಬರಿಗೂ ಗೊತ್ತಿತ್ತು. ಡಬ್ಬಿಯ ಕೆಂಪು ದೀಪ ಹತ್ತಿತು. ಲಕ್ಷ್ಮಕ್ಕ ದಪ್ಪ ತಂತಿಯನ್ನು ಎಳೆದು ಬಿಟ್ಟರು.

ದನಿ ತುಂಬಿ ಬಂತು. ನಿಂತಿತು. ನಿಧಾನವಾಗಿ ಇಳಿಯತೊಡಗಿತು. ನಾನು ಕಾದೆ. ಈಗ ಹರಿಯುತ್ತದೆ, ಈಗ ಹರಿಯುತ್ತದೆ ಎಂದುಕೊಂಡೆ. ಹರಿಯಲಿಲ್ಲ. ಇಳಿದು, ಸಣ್ಣಗಾಗಿ, ಎಳೆಯಾಗಿ, ಇದೆಯೋ ಇಲ್ಲವೋ ಎನ್ನುವವರೆಗೂ ಅದೇ ದನಿಯಾಗಿಯೇ ಇದ್ದು ಅಡಗಿತು.

ಲಕ್ಷ್ಮಕ್ಕ ನನ್ನ ಮುಖ ನೋಡುತ್ತಿದ್ದರು.

“ಹೇಳಮ್ಮ. ಹೆಂಗೈತೆ?”

“ಸರಿಯಾಗಿದೆ ಅಕ್ಕ.”

“ನಿಜ್ವಾಗ್ಲೂ?”

“ನಿಜ್ವಾಗ್ಲೂ. ಕೊನೆವರೆಗೂ ಸರಿಯಾಗಿದೆ.”

ಅವರು ತಲೆಯಾಡಿಸಿದರು. ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ಗಿಟಾರನ್ನು ಮಡಿಲಲ್ಲಿ ಸರಿಯಾಗಿ ಕೂರಿಸಿಕೊಂಡು, ನನ್ನನ್ನು ಕೇಳದೆಯೇ, ಅದೇ ತಂತಿಯನ್ನು ಇನ್ನೊಮ್ಮೆ ಮೀಟಿದರು. ಅದು ಪೂರ್ತಿ ಅಡಗುವವರೆಗೂ ನಾವಿಬ್ಬರೂ ಅಲ್ಲಾಡದೆ ಕೂತಿದ್ದೆವು.